ಬರಿಗೈಯ ಸಂತೆ

ಮನೆಯವರು ತಾವೇ ಮಾಡಿಕೊಳ್ಳುವ ವಸ್ತು ಯಾವುದು, ದುಡ್ಡು ಕೊಟ್ಟು ತರುವ ವಸ್ತು ಯಾವುದು ಎಂದು ಬೇರ್ಪಡಿಸುವ ಗೆರೆಯೊಂದು ಪ್ರತಿ ಸಮಾಜದಲ್ಲೂ ಇರುತ್ತದೆ. ಕರ್ನಾಟಕದಲ್ಲಿ ಆ ಗೆರೆ ಕಳೆದ ಇನ್ನೂರು ವರ್ಷಗಳಿಂದ ಒಂದೇ ದಿಕ್ಕಿಗೆ ಸರಿಯುತ್ತಿದೆ: ಮಾಡುವುದು ಕಡಿಮೆಯಾಗುತ್ತ, ಕೊಳ್ಳುವುದು ಹೆಚ್ಚುತ್ತ ಬಂದಿದೆ. ಮೊಬೈಲಿನಲ್ಲಿ ಬೆರಳಾಡಿಸಿ ಮನೆಬಾಗಿಲಿಗೆ ಸಾಮಾನು ತರಿಸಿಕೊಳ್ಳುವ ಆನ್‌ಲೈನ್ ಖರೀದಿ ಈ ದಾರಿಯ ಈಚಿನ ಘಟ್ಟ. ಕೊಳ್ಳುವವರೇ ಮಾರುವವರೂ ಆಗಿದ್ದ ಮಾರುಕಟ್ಟೆ ಹಿಂದೆ ಸರಿದು, ಕೊಳ್ಳುವುದೊಂದನ್ನೇ ಬಲ್ಲವರಿಗಾಗಿ ಕಟ್ಟಿದ ಮಾರುಕಟ್ಟೆ ಈ ಘಟ್ಟದಲ್ಲಿ ಮುಂದೆ ಬಂದಿದೆ.

1799ರಲ್ಲಿ ಟಿಪ್ಪು ಮಡಿದ ಮರುವರ್ಷ, ಗವರ್ನರ್ ಜನರಲ್ ವೆಲ್ಲೆಸ್ಲಿಯ ಆದೇಶದಂತೆ ಫ್ರಾನ್ಸಿಸ್ ಬುಕಾನನ್ ಎಂಬ ಸ್ಕಾಟ್ಲೆಂಡಿನ ವೈದ್ಯ ಮೈಸೂರು ಸೀಮೆ, ಕೆನರಾ, ಮಲಬಾರುಗಳನ್ನು ಊರೂರು ಸುತ್ತಿ ಬರೆದುಕೊಂಡ ವರದಿ 1807ರಲ್ಲಿ ಅಚ್ಚಾಯಿತು. ಬೆಳೆ, ಬೆಲೆ, ಜಾತಿ, ಕಸುಬು ಎಲ್ಲವೂ ಅದರಲ್ಲಿವೆ. ಬ್ರಾಹ್ಮಣರನ್ನು ಬಿಟ್ಟು ಉಳಿದೆಲ್ಲ ಜಾತಿಯ ಹೆಂಗಸರೂ ವಾರದ ಸಂತೆಯಲ್ಲಿ ಅರಳೆ ಕೊಂಡು, ಮನೆಯಲ್ಲಿ ನೂತು, ಆ ನೂಲನ್ನು ನೇಕಾರರಿಗೆ ಮಾರುತ್ತಿದ್ದರು ಎಂದು ಅವನು ದಾಖಲಿಸಿದ್ದಾನೆ. ಅರಳೆಯ ಮುಂದೆ ಗಿರಾಕಿಯಾಗಿ ನಿಂತ ಹೆಂಗಸೇ ನೂಲಿನ ಗಂಟು ಬಿಚ್ಚಿ ಮಾರಾಟಗಾರ್ತಿಯಾಗಿ ಕೂರುತ್ತಿದ್ದಳು. ಸಂತೆಯ ಬೆಲೆಯ ಎರಡೂ ಮಗ್ಗುಲು ಅವಳಿಗೆ ಗೊತ್ತಿತ್ತು. ಮೊನ್ನೆ ಮೊನ್ನೆಯವರೆಗೂ ಹಳ್ಳಿಯ ಸಂತೆಗಳು ಹೆಚ್ಚುಕಡಿಮೆ ಹೀಗೇ ನಡೆದವು. ಹೊರಟವರ ತಲೆಯ ಮೇಲೊಂದು ಬುಟ್ಟಿ ಇರುತ್ತಿತ್ತು; ಅದರೊಳಗಿನ ಬೆಣ್ಣೆಯೋ ಮೊಟ್ಟೆಯೋ ಹುಣಸೆಹಣ್ಣೋ ಬಿಕರಿಯಾದ ಮೇಲೆಯೇ ಉಪ್ಪು, ಬೆಲ್ಲ, ಬಳೆ.

ಆ ಕಾಲವನ್ನು ಹೊಗಳಿ ಹಾಡುವುದಕ್ಕೆ ಕಾರಣವಿಲ್ಲ. ಊರಿನ ಕುಂಬಾರ, ಕಮ್ಮಾರ, ಬಡಗಿ, ಅಗಸ ಮೊದಲಾದ ಹನ್ನೆರಡು ಆಯಗಾರರು ಸುಗ್ಗಿಯ ಕಣದಲ್ಲಿ ಅಳೆದುಕೊಡುವ ಕಾಳಿಗೆ ವರ್ಷವಿಡೀ ದುಡಿಯುತ್ತಿದ್ದರು. ಯಾರು ಏನು ಮಾಡಬೇಕೆಂಬುದು ಹುಟ್ಟಿನಲ್ಲೇ ತೀರ್ಮಾನವಾಗಿರುತ್ತಿತ್ತು, ಬಿಡುವ ದಾರಿ ಇರಲಿಲ್ಲ. ಅಂಗಡಿಯ ಕಟ್ಟೆ ಹತ್ತದೆ ಹೊರಗೇ ನಿಂತು, ಎಸೆದ ಸಾಮಾನನ್ನು ಎತ್ತಿಕೊಳ್ಳಬೇಕಾಗಿದ್ದ ಜನರಿಗೆ ಹೆಸರು, ಕೇರಿ ಕೇಳದೆ ವಸ್ತು ತಲುಪಿಸುವ ಮಾರುಕಟ್ಟೆ ಒಂದು ಬಿಡುಗಡೆ. ನಸುಕಿನಲ್ಲೆದ್ದು ರಾಗಿ ಬೀಸಿ, ಬತ್ತ ಕುಟ್ಟಿ, ಹಿಟ್ಟು ರುಬ್ಬಿದ ಹೆಂಗಸರ ರಟ್ಟೆಯ ನೋವು ಬೀಸುವ ಪದಗಳ ಇಂಪಿನಲ್ಲಿ ಮುಚ್ಚಿಹೋಗಬಾರದು. ಉತ್ಪಾದನೆ ಮನೆಯಿಂದ ಹೊರಟಾಗ ಅದರ ಜೊತೆಗೆ ಬಹಳಷ್ಟು ದಣಿವೂ ಹೊರಟಿತು.

ಮೊದಲು ಹೋದದ್ದು ನೂಲು. ಇಂಗ್ಲೆಂಡಿನ, ಆಮೇಲೆ ಮುಂಬೈ, ಹುಬ್ಬಳ್ಳಿಗಳ ಗಿರಣಿಯ ನೂಲು ಬಂದು ರಾಟೆಗಳು ಅಟ್ಟ ಸೇರಿದವು. ನೇಕಾರರು ಉಳಿದರು, ನೂಲುವವರು ಉಳಿಯಲಿಲ್ಲ. ಹಿಟ್ಟಿನ ಗಿರಣಿ ಬೀಸುವ ಕಲ್ಲನ್ನೂ ಅಕ್ಕಿ ಗಿರಣಿ ಒನಕೆಯನ್ನೂ ಮಿಕ್ಸಿ, ಗ್ರೈಂಡರುಗಳು ಒರಳನ್ನೂ ಕೆಲಸದಿಂದ ಬಿಡಿಸಿದವು. ಎಪ್ಪತ್ತರ ದಶಕದಲ್ಲಿ ಬೆಂಗಳೂರಿನ ಎಂಟಿಆರ್ ರವೆ ಇಡ್ಲಿಯಂಥ ತಿಂಡಿಗಳ ಸಿದ್ಧ ಮಿಶ್ರಣವನ್ನು ಪೊಟ್ಟಣ ಕಟ್ಟಿ ಮಾರತೊಡಗಿತು. 2005ರಲ್ಲಿ ಅದೇ ಊರಿನಲ್ಲಿ ಐಡಿ ಫ್ರೆಶ್ ದೋಸೆ ಹಿಟ್ಟನ್ನೇ ಮಾರಾಟಕ್ಕಿಟ್ಟಿತು. ಬೇಸಿಗೆಯ ಮಾಳಿಗೆಯ ಮೇಲೆ ಒಣಗುತ್ತಿದ್ದ ಹಪ್ಪಳ ಸಂಡಿಗೆ, ಹಳೆಯ ಸೀರೆಗಳನ್ನು ಪದರ ಪದರ ಜೋಡಿಸಿ ಹೊಲಿಯುತ್ತಿದ್ದ ಕೌದಿ, ಹೆಗಲ ಚೀಲ, ಈಚಲ ಚಾಪೆ, ಮಕ್ಕಳ ಕುಲಾವಿ ಒಂದೊಂದಾಗಿ ಮನೆಯ ಪಟ್ಟಿಯಿಂದ ಅಂಗಡಿಯ ಪಟ್ಟಿಗೆ ದಾಟಿದವು.

ಈ ದಾಟುವಿಕೆ ಅಂಕಿಅಂಶಗಳಲ್ಲೂ ಕಾಣುತ್ತದೆ. ಕೇಂದ್ರ ಸರ್ಕಾರದ ಗೃಹಬಳಕೆ ವೆಚ್ಚ ಸಮೀಕ್ಷೆಯ ಪ್ರಕಾರ 1999–2000ರಲ್ಲಿ ಭಾರತದ ಹಳ್ಳಿಯ ಮನೆ ತನ್ನ ಒಟ್ಟು ಖರ್ಚಿನಲ್ಲಿ ಶೇ. 59ರಷ್ಟನ್ನು ಆಹಾರಕ್ಕೆ ಹಾಕುತ್ತಿತ್ತು. 2022–23ಕ್ಕೆ ಅದು ಶೇ. 46ಕ್ಕೆ ಇಳಿಯಿತು. ಅಕ್ಕಿ, ರಾಗಿ, ಜೋಳ, ಗೋಧಿಯಂಥ ಧಾನ್ಯದ ಪಾಲು ಶೇ. 22ರಿಂದ ಶೇ. 5ಕ್ಕಿಂತ ಕೆಳಗೆ ಬಂತು. ಪಡಿತರದ ಅಕ್ಕಿಗೆ ದುಡ್ಡು ಕೊಡಬೇಕಿಲ್ಲವೆಂಬುದೂ ಇದಕ್ಕೊಂದು ಕಾರಣ. ಆದರೆ ಅದೇ ಸಮೀಕ್ಷೆಯಲ್ಲಿ ಪಾನೀಯ, ಕುರುಕಲು, ಸಂಸ್ಕರಿಸಿದ ಆಹಾರಗಳ ಪಾಲು ಶೇ. 9.6. ಹಳ್ಳಿಯ ಮನೆ ಈಗ ಕಾಳಿಗೆ ಕೊಡುವ ಹಣದ ಸುಮಾರು ಎರಡು ಪಟ್ಟನ್ನು ಸಿದ್ಧ ತಿಂಡಿ, ಪಾನೀಯಗಳಿಗೆ ಕೊಡುತ್ತಿದೆ. ಕಾಳು ಬೆಳೆಯುವ ಊರಿನ ಸಂಗತಿ ಇದು.

ದೇಶದ ಆದಾಯದ ಲೆಕ್ಕದಲ್ಲಿ ಈ ಬದಲಾವಣೆ ಬರೀ ಬೆಳವಣಿಗೆಯಾಗಿ ಕಾಣುತ್ತದೆ. ಮನೆಯವರಿಗಾಗಿ ಮನೆಯಲ್ಲೇ ಮಾಡುವ ಅಡುಗೆಯ ಕೆಲಸ ಒಟ್ಟು ದೇಶೀಯ ಉತ್ಪನ್ನಕ್ಕೆ ಸೇರುವುದಿಲ್ಲ. ಮನೆಯಲ್ಲಿ ರುಬ್ಬುತ್ತಿದ್ದ ದೋಸೆ ಹಿಟ್ಟೇ ಅಂಗಡಿಯಿಂದ ಪ್ಲಾಸ್ಟಿಕ್ ಚೀಲದಲ್ಲಿ ಬಂದರೆ ಸೇರುತ್ತದೆ. ರುಬ್ಬುವುದು ನಿಂತು ಕೊಳ್ಳುವುದು ಶುರುವಾದ ದಿನ ತಿಂದ ದೋಸೆಗಳ ಸಂಖ್ಯೆ ಒಂದೂ ಹೆಚ್ಚಿರುವುದಿಲ್ಲ, ಉತ್ಪನ್ನ ಮಾತ್ರ ಹೆಚ್ಚಿರುತ್ತದೆ. ಎಷ್ಟು ಮನೆಗಳು ಏನನ್ನು ಮಾಡುವುದನ್ನು ಮರೆತವು ಎಂಬುದಕ್ಕೆ ಆ ಲೆಕ್ಕದಲ್ಲಿ ಕಾಲಮ್ಮೇ ಇಲ್ಲ.

ಈ ದಾರಿಯ ಈಚಿನ ಘಟ್ಟವಾದ ಆನ್‌ಲೈನ್ ಅಂಗಡಿ ಹುಟ್ಟಿದ್ದು ಇಂಗ್ಲೆಂಡಿನಲ್ಲಿ. ಮೈಕೆಲ್ ಆಲ್ಡ್ರಿಚ್ ಎಂಬ ತಂತ್ರಜ್ಞ 1979ರಲ್ಲಿ ಟಿವಿಯನ್ನು ಫೋನಿನ ತಂತಿಯ ಮೂಲಕ ಅಂಗಡಿಯ ಕಂಪ್ಯೂಟರಿಗೆ ಜೋಡಿಸುವ ವಿಧಾನ ಕಂಡುಹಿಡಿದ. 1984ರಲ್ಲಿ ಗೇಟ್ಸ್‌ಹೆಡ್ ಪಟ್ಟಣದ 72 ವರ್ಷದ ಅಜ್ಜಿಯೊಬ್ಬರು ಟಿವಿಯ ರಿಮೋಟ್ ಒತ್ತಿ ಮೊಟ್ಟೆ, ಕಾರ್ನ್‌ಫ್ಲೇಕ್ಸ್, ಮಾರ್ಗರೀನ್ ತರಿಸಿಕೊಂಡರು. ಅಂಗಡಿಗೆ ನಡೆದುಹೋಗಲಾರದ ವೃದ್ಧರಿಗೆಂದು ಅಲ್ಲಿನ ಪುರಸಭೆ ಮಾಡಿದ ಏರ್ಪಾಡು ಅದು. ಈ ವ್ಯಾಪಾರದ ಮೊದಲ ಉದ್ದೇಶ ಕಾಲಿಲ್ಲದವರಿಗೆ ಕಾಲಾಗುವುದಾಗಿತ್ತು.

ಭಾರತದಲ್ಲಿ ಇದರ ತವರು ಬೆಂಗಳೂರು. 1999ರಲ್ಲೇ ಫ್ಯಾಬ್‌ಮಾರ್ಟ್ ಎಂಬ ಜಾಲತಾಣ ಇಲ್ಲಿ ಬಾಗಿಲು ತೆರೆದಿತ್ತು. ಆಗ ಇಂಟರ್‌ನೆಟ್ಟೂ ಕಡಿಮೆ, ಕ್ರೆಡಿಟ್ ಕಾರ್ಡೂ ಕಡಿಮೆ. 2007ರ ಅಕ್ಟೋಬರಿನಲ್ಲಿ ಸಚಿನ್ ಬನ್ಸಲ್, ಬಿನ್ನಿ ಬನ್ಸಲ್ ಎಂಬಿಬ್ಬರು ಯುವಕರು ಕೋರಮಂಗಲದ ಫ್ಲ್ಯಾಟಿನಲ್ಲಿ ಫ್ಲಿಪ್‌ಕಾರ್ಟ್ ಶುರುಮಾಡಿದರು. ಮೊದಲ ಆರ್ಡರು ಬಂದದ್ದು ಈಗಿನ ತೆಲಂಗಾಣದ ಮೆಹಬೂಬ್‌ನಗರದಿಂದ, ಒಂದು ಪುಸ್ತಕಕ್ಕೆ. ಒಳ್ಳೆಯ ಪುಸ್ತಕದಂಗಡಿಯಿಲ್ಲದ ಎಷ್ಟೋ ತಾಲ್ಲೂಕುಗಳ ಓದುಗರಿಗೆ ಇಂಥ ತಾಣಗಳು ಇಂದಿಗೂ ಉಪಕಾರಿ. 2010ರಲ್ಲಿ ಬಂದ ‘ಕ್ಯಾಶ್ ಆನ್ ಡೆಲಿವರಿ’, ಎಂದರೆ ಸಾಮಾನು ಕೈಗೆ ಬಂದ ಮೇಲೆ ದುಡ್ಡು ಕೊಡುವ ವ್ಯವಸ್ಥೆ, ಕಾರ್ಡಿಲ್ಲದ, ಕಾಣದ ಅಂಗಡಿಯ ಮೇಲೆ ನಂಬಿಕೆಯಿಲ್ಲದ ಬಹುಸಂಖ್ಯೆಯ ಜನರನ್ನು ಒಳಗೆ ಕರೆತಂದಿತು. 2013ರಲ್ಲಿ ಅಮೆಜಾನ್ ಬಂತು. 2016ರಲ್ಲಿ ಯುಪಿಐ ಪಾವತಿ ಮತ್ತು ಅಗ್ಗದ ಮೊಬೈಲ್ ಡೇಟಾ ಎರಡೂ ಒಟ್ಟಿಗೆ ಬಂದವು. 2018ರಲ್ಲಿ ಅಮೆರಿಕದ ವಾಲ್‌ಮಾರ್ಟ್ 1,600 ಕೋಟಿ ಡಾಲರ್ ಕೊಟ್ಟು ಫ್ಲಿಪ್‌ಕಾರ್ಟಿನ ಶೇ. 77 ಪಾಲು ಕೊಂಡಿತು. ಕೋವಿಡ್ ಕಾಲದ ಮುಚ್ಚಿದ ಬಾಗಿಲುಗಳು ಉಳಿದವರಿಗೂ ಇದನ್ನು ಕಲಿಸಿದವು. ಈಗ ದೊಡ್ಡ ಊರುಗಳಲ್ಲಿ ಗಿರಾಕಿಗಳಿಗೆ ಪ್ರವೇಶವಿಲ್ಲದ ‘ಡಾರ್ಕ್ ಸ್ಟೋರ್’ ಎಂಬ ಬೀದಿಬದಿಯ ಗೋದಾಮುಗಳಿಂದ ಕೊತ್ತಂಬರಿ ಸೊಪ್ಪು, ಚಾರ್ಜರು ನಿಮಿಷಗಳಲ್ಲಿ ಮನೆಗೆ ಬರುತ್ತವೆ.

ಕೊಳ್ಳುವುದಕ್ಕೆ ಹಿಂದೆ ಕೆಲವು ಅಡ್ಡಿಗಳಿದ್ದವು: ಅಂಗಡಿಯ ದೂರ, ಅದು ತೆರೆಯುವ ಹೊತ್ತು, ಕಿಸೆಯಲ್ಲಿನ ದುಡ್ಡು, ಚೌಕಾಸಿ, ಮನೆಯವರ ಜೊತೆ ಒಂದು ಮಾತು. ಆನ್‌ಲೈನ್ ವ್ಯಾಪಾರದ ಜಾಣತನವೆಲ್ಲ ಈ ಅಡ್ಡಿಗಳನ್ನು ತೆಗೆಯುವುದರಲ್ಲೇ ಇದೆ. ಬೇಕೆನಿಸುವುದಕ್ಕೂ ಕೊಳ್ಳುವುದಕ್ಕೂ ನಡುವೆ ಇದ್ದ ಹೊತ್ತು ಮಾಯವಾದಾಗ, ‘ಇದನ್ನು ಮನೆಯಲ್ಲೇ ಮಾಡಬಹುದಲ್ಲ’, ‘ಹಳೆಯದನ್ನೇ ರಿಪೇರಿ ಮಾಡಿಸಬಹುದಲ್ಲ’ ಎಂಬ ಯೋಚನೆಗೆ ಇದ್ದ ಜಾಗವೂ ಹೋಗುತ್ತದೆ. ಕೊಡೆ ರಿಪೇರಿಯವರು, ಪಾತ್ರೆಗೆ ಕಲಾಯಿ ಹಾಕುವವರು ಕೇರಿಗಳಿಂದ ಕಾಣೆಯಾದದ್ದನ್ನು ಈ ಹಿನ್ನೆಲೆಯಲ್ಲಿ ನೋಡಬೇಕು. ಕೆಲವು ತಾಣಗಳು ಇನ್ನೂ ಮುಂದೆ ಹೋಗಿ, ಎರಡೇ ಉಳಿದಿವೆಯೆಂದು ಸುಳ್ಳು ಅವಸರ ಹುಟ್ಟಿಸುತ್ತವೆ, ಕೇಳದ ವಸ್ತುವನ್ನು ಬುಟ್ಟಿಗೆ ಸೇರಿಸುತ್ತವೆ. ಇಂಥ 13 ಬಗೆಯ ಕಪಟ ವಿನ್ಯಾಸಗಳನ್ನು ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ 2023ರ ನವೆಂಬರಿನಲ್ಲಿ ಹೆಸರಿಸಿ ನಿಷೇಧಿಸಿತು.

ಮಾಡುವವರ ಕಡೆಯಿಂದ ನೋಡಲು ಇಳಕಲ್ ಸೀರೆಗಿಂತ ಸ್ಪಷ್ಟವಾದ ಉದಾಹರಣೆ ಸಿಗುವುದು ಕಷ್ಟ. ಬಾಗಲಕೋಟೆ ಜಿಲ್ಲೆಯ ಈ ಊರಿನ ಸೀರೆಗೆ ಭೌಗೋಳಿಕ ಗುರುತಿನ ಮಾನ್ಯತೆಯಿದೆ. ಅದರ ವಿಶೇಷವಿರುವುದು ಒಡಲು ಸೆರಗುಗಳು ಕೂಡುವ ಜಾಗದಲ್ಲಿ. ಒಡಲಿನ ಹಾಸು, ಎಂದರೆ ಉದ್ದುದ್ದ ಎಳೆಗಳು, ಒಂದು ನೂಲಿನದು, ಸೆರಗಿನ ಹಾಸು ಇನ್ನೊಂದರದು, ಸಾಮಾನ್ಯವಾಗಿ ಕೆಂಪು ರೇಷ್ಮೆಯದು. ಎರಡರ ಎಳೆಗಳನ್ನೂ ಒಂದರೊಳಗೊಂದು ಕೊಕ್ಕೆಯಂತೆ ಸಿಕ್ಕಿಸಿ ಕೂಡಿಸುತ್ತಾರೆ. ಇದಕ್ಕೆ ‘ಕೊಂಡಿ’ ಎಂದು ಹೆಸರು. ಹೀಗೆ ಕೂಡಿಸಬೇಕಾಗಿರುವುದರಿಂದ ಪ್ರತಿ ಸೀರೆಗೂ ಹಾಸನ್ನು ಬೇರೆಯಾಗಿಯೇ ಹೂಡಬೇಕು. ಹತ್ತಾರು ಸೀರೆಗಳ ಉದ್ದದ ಹಾಸನ್ನು ಒಮ್ಮೆಗೇ ಏರಿಸಿ ಎಡೆಬಿಡದೆ ನೇಯುವಂತಿಲ್ಲ. ಕೆಂಪು ಸೆರಗಿನ ಮೇಲೆ ಬಿಳಿಯ ಟೋಪು ತೆನಿ, ದಡಿಯಲ್ಲಿ ಚಿಕ್ಕಿ, ಗೋಮಿ ಎಂಬ ವಿನ್ಯಾಸಗಳು. ಕುಣಿಮಗ್ಗದ ಮುಂದೆ ಕಾಲಿಳಿಬಿಟ್ಟು ಕೂತವರಿಗೆ ಒಂದೇ ಸೀರೆ ದಿನಗಟ್ಟಲೆ ಹಿಡಿಯುತ್ತದೆ. ಇದಲ್ಲದೆ ಹಾಸು ಹೂಡುವುದು, ಬಣ್ಣ ಹಾಕುವುದು, ಕಂಡಿಕೆಗೆ ನೂಲು ಸುತ್ತುವುದು ಮನೆಯ ಎಲ್ಲರ ಕೆಲಸ.

ವಿದ್ಯುತ್ ಮಗ್ಗದಲ್ಲಿ ಇದೇ ದಡಿ, ಇದೇ ಸೆರಗಿನ ಹೋಲಿಕೆಯ ಸೀರೆ ಕೊಂಡಿಯಿಲ್ಲದೆ, ಎಷ್ಟೋ ಪಾಲು ಕಡಿಮೆ ಹೊತ್ತಿನಲ್ಲಿ ತಯಾರಾಗುತ್ತದೆ. ನೂಲೂ ಬಹುಪಾಲು ಕೃತಕ. ಅಂಗಡಿಯಲ್ಲಿ ಸೀರೆ ಬಿಡಿಸಿ, ಮಗ್ಗುಲು ತಿರುಗಿಸಿ, ಬೆರಳಿನಲ್ಲಿ ಹೊಸೆದು ನೋಡುವವರಿಗೆ ವ್ಯತ್ಯಾಸ ತಿಳಿಯುತ್ತದೆ. ಉತ್ತರ ಕರ್ನಾಟಕದ ಹಿರಿಯ ಹೆಂಗಸರಿಗೆ ಇದನ್ನು ಯಾರೂ ಕಲಿಸಬೇಕಿಲ್ಲ. ಆದರೆ ಮೊಬೈಲಿನ ಅಂಗೈಯಗಲದ ಚಿತ್ರದಲ್ಲಿ ಎರಡೂ ಒಂದೇ. ಅಲ್ಲಿ ಉಳಿಯುವ ವ್ಯತ್ಯಾಸ ಬೆಲೆಯೊಂದೇ, ಬೆಲೆಯಲ್ಲಿ ಕೈಮಗ್ಗ ಯಾವತ್ತೂ ಸೋಲುತ್ತದೆ. ಸೀರೆಯೂ ಸೇರಿದಂತೆ 11 ಬಗೆಯ ಬಟ್ಟೆಗಳನ್ನು ಕೈಮಗ್ಗಕ್ಕೇ ಮೀಸಲಿಡುವ 1985ರ ಕಾಯ್ದೆಯೊಂದಿದೆ. ವಿದ್ಯುತ್ ಮಗ್ಗದ ನಕಲು ರಾಜಾರೋಷವಾಗಿ ಮಾರಾಟವಾಗುತ್ತಿರುವಾಗ ಆ ಕಾಯ್ದೆಯ ಬಲ ಎಷ್ಟೆಂಬುದು ನೇಕಾರರಿಗೆ ಚೆನ್ನಾಗಿ ಗೊತ್ತು.

ಹಾಗಾದರೆ ನೇಕಾರರೇ ನೇರವಾಗಿ ಆನ್‌ಲೈನಿನಲ್ಲಿ ಮಾರಬಹುದಲ್ಲ ಎಂಬ ಸಲಹೆ ಮತ್ತೆ ಮತ್ತೆ ಕೇಳಿಬರುತ್ತದೆ. ಬಾಗಿಲೇನೋ ತೆರೆದಿದೆ, ಹೊಸ್ತಿಲು ಎತ್ತರವಾಗಿದೆ. ತಾಣಕ್ಕೆ ಕಮಿಷನ್, ಸಾಗಣೆಗೆ ಶುಲ್ಕ, ಮೊದಲ ಪುಟದಲ್ಲಿ ಕಾಣಿಸಿಕೊಳ್ಳಲು ಜಾಹೀರಾತಿನ ಖರ್ಚು, ಗಿರಾಕಿ ಬೇಡವೆಂದು ವಾಪಸು ಕಳಿಸಿದರೆ ಮುದ್ದೆಯಾಗಿ ಮರಳಿದ ಸೀರೆಯ ನಷ್ಟ. ಸೀರೆ ಮಾರಿದ ದಿನವೇ ಹಣ ಕೈಗೆ ಬರುವುದಿಲ್ಲ, ನೂಲಿಗೆ ಮಾತ್ರ ಮೊದಲೇ ಕೊಡಬೇಕು. ಸಾವಿರ ಒಂದೇ ತೆರನ ವಸ್ತು ಇಟ್ಟುಕೊಂಡವರಿಗೆ ಒಂದು ಛಾಯಾಚಿತ್ರ ಸಾಕು. ಪ್ರತಿ ಸೀರೆಯೂ ಬೇರೆಯಾಗಿರುವ ಮನೆಗೆ ಪ್ರತಿಯೊಂದಕ್ಕೂ ಹೊಸ ಚಿತ್ರ, ಹೊಸ ವಿವರಣೆ, ಅದೂ ಹೆಚ್ಚಾಗಿ ಇಂಗ್ಲಿಷಿನಲ್ಲಿ. ಒಂದೇ ಅಚ್ಚಿನಿಂದ ಬಂದ ವಸ್ತುವಿಗೆ ಅನುಕೂಲವಾಗುವಂತೆ ಕಟ್ಟಿದ ಮಾರುಕಟ್ಟೆ ಇದು.

ತೆರಿಗೆಯ ನಿಯಮವೂ ದೀರ್ಘಕಾಲ ಸಣ್ಣವರ ವಿರುದ್ಧವೇ ಇತ್ತು. ಸರಕು ಮಾರುವವರಿಗೆ ವರ್ಷದ ವಹಿವಾಟು 40 ಲಕ್ಷ ರೂಪಾಯಿ ದಾಟುವವರೆಗೆ ಜಿಎಸ್‌ಟಿ ನೋಂದಣಿ ಕಡ್ಡಾಯವಲ್ಲ. ಆದರೆ ಆನ್‌ಲೈನ್ ತಾಣದ ಮೂಲಕ ಮಾರುವವರಿಗೆ ಈ ವಿನಾಯಿತಿ ಇರಲಿಲ್ಲ. ತಿಂಗಳಿಗೆರಡು ಸೀರೆ ಮಾರಿದರೂ ನೋಂದಣಿ ಬೇಕಿತ್ತು. 2023ರ ಅಕ್ಟೋಬರ್ 1ರಿಂದ ಇದು ಸಡಿಲವಾಯಿತು, ಒಂದು ಷರತ್ತಿನ ಮೇಲೆ: ನೋಂದಣಿಯಿಲ್ಲದವರು ತಮ್ಮ ರಾಜ್ಯದೊಳಗೆ ಮಾತ್ರ ಮಾರಬೇಕು. ಹಾಗಾಗಿ ಇಳಕಲ್ಲಿನ ಸಣ್ಣ ನೇಕಾರರು ದೂರದ ಮೈಸೂರಿಗೆ ಸೀರೆ ಕಳಿಸಬಹುದು. ಇಳಕಲ್ ಸೀರೆಯನ್ನು ತಲೆಮಾರುಗಳಿಂದ ಉಡುತ್ತ ಬಂದ, ಮೈಸೂರಿಗಿಂತ ಹತ್ತಿರವಿರುವ ಮಹಾರಾಷ್ಟ್ರದ ಸೊಲ್ಲಾಪುರಕ್ಕೆ ಕಳಿಸುವಂತಿಲ್ಲ. ಈ ಷರತ್ತು ಹೋಗಲೇಬೇಕು.

ಕೊಳ್ಳುವವರಿಗೆ ವಸ್ತುವಿನ ಹುಟ್ಟು ತಿಳಿಸುವ ನಿಯಮಗಳು ಇಲ್ಲವೆಂದಲ್ಲ. 2020ರ ಇ-ಕಾಮರ್ಸ್ ಗ್ರಾಹಕ ಸಂರಕ್ಷಣಾ ನಿಯಮಗಳಂತೆ ವಸ್ತು ಯಾವ ದೇಶದ್ದೆಂದು ತಾಣ ತೋರಿಸಬೇಕು. ಪೊಟ್ಟಣದ ಸಾಮಾನಿಗೆ ತಯಾರಕರ ಇಲ್ಲವೇ ಪೊಟ್ಟಣ ಕಟ್ಟಿದವರ ಹೆಸರು ಇರಬೇಕು. ಆದರೆ ಕಟ್ಟಿದವರು ನೇಯ್ದವರಲ್ಲ. ಮಗ್ಗ ಯಾವ ಬಗೆಯದು, ಯಾವ ಊರಿನದು, ಮಜೂರಿ ಎಷ್ಟು ಸಂದಿತು ಎಂದು ಈ ನಿಯಮಗಳು ಕೇಳುವುದಿಲ್ಲ. ಹೀಗೆ ಹೆಸರಿಲ್ಲದೆ ಉಳಿಯುವವರ ಸಂಖ್ಯೆ ಸಣ್ಣದಲ್ಲ: 2019–20ರ ನಾಲ್ಕನೆಯ ಅಖಿಲ ಭಾರತ ಕೈಮಗ್ಗ ಗಣತಿ ದೇಶದಲ್ಲಿ 35.22 ಲಕ್ಷ ಕೈಮಗ್ಗ ಕೆಲಸಗಾರರನ್ನು ಎಣಿಸಿತು. ಹತ್ತು ವರ್ಷದ ಹಿಂದಿನ ಗಣತಿಯಲ್ಲಿ 43.31 ಲಕ್ಷ ಮಂದಿ ಇದ್ದರು. 2019–20ರಲ್ಲಿ ಎಣಿಸಿದವರಲ್ಲಿ ನಾಲ್ವರಿಗೆ ಸುಮಾರು ಮೂವರು ಹೆಂಗಸರು. ಮೂರರಲ್ಲಿ ಎರಡು ಪಾಲು ಕುಟುಂಬಗಳ ತಿಂಗಳ ಗಳಿಕೆ ಐದು ಸಾವಿರ ರೂಪಾಯಿಗಿಂತ ಕಡಿಮೆಯಿತ್ತು.

ಬಳಕೆಯ ಮಾರುಕಟ್ಟೆಯೂ ದುಡಿಮೆಯನ್ನು ಹುಟ್ಟಿಸಿದೆ, ಬೇರೆ ಬಗೆಯ ದುಡಿಮೆಯನ್ನು. ಗೋದಾಮಿನಲ್ಲಿ ಆರಿಸುವುದು, ಕಟ್ಟುವುದು, ಬೈಕಿನಲ್ಲಿ ತಲುಪಿಸುವುದು. 2020–21ರಲ್ಲಿ ದೇಶದಲ್ಲಿ ಖಾಯಂ ನೌಕರಿಯಿಲ್ಲದೆ ಬಿಡಿ ಬಿಡಿ ಕೆಲಸಕ್ಕೆ ದುಡಿಯುವ 77 ಲಕ್ಷ ಗಿಗ್ ಕಾರ್ಮಿಕರಿದ್ದರೆಂದೂ 2029–30ರ ಹೊತ್ತಿಗೆ 2.35 ಕೋಟಿ ಆಗುವರೆಂದೂ ನೀತಿ ಆಯೋಗ ಅಂದಾಜು ಮಾಡಿದೆ. ಗೋದಾಮಿನಲ್ಲಿ, ಬೈಕಿನ ಮೇಲೆ ದುಡಿಯುವವರು ದಿನವಿಡೀ ವಸ್ತುಗಳ ನಡುವೆಯೇ ಇರುತ್ತಾರೆ, ಯಾವುದನ್ನೂ ತಯಾರಿಸುವುದಿಲ್ಲ. ಹತ್ತು ವರ್ಷ ದುಡಿದರೂ ಕೈಗೆ ಒಂದು ಕಸುಬು ಕೂಡಿಬರುವುದಿಲ್ಲ. ಕರ್ನಾಟಕ ಸರ್ಕಾರ 2025ರಲ್ಲಿ ಗಿಗ್ ಕಾರ್ಮಿಕರ ಸಾಮಾಜಿಕ ಭದ್ರತೆಗೆ ಕಾನೂನು ತಂದು, ಕಾರ್ಮಿಕರಿಗೆ ಕೊಡುವ ಪಾವತಿಯ ಶೇ. 1ರಿಂದ 5ರಷ್ಟನ್ನು ಕಂಪನಿಗಳಿಂದ ಕಲ್ಯಾಣ ಶುಲ್ಕವಾಗಿ ಪಡೆಯಲು ಅವಕಾಶ ಮಾಡಿತು. ಅದು ಸರಿಯಾದ ಹೆಜ್ಜೆ.

ಮನೆಯ ಕೈಕೆಲಸ ಮಾರುಕಟ್ಟೆಗೆ ಬಂದಾಗ ಮಾಡುವವರ ಹೆಸರು ಅಳಿಯಲೇಬೇಕೆಂದಿಲ್ಲ. 1959ರ ಮಾರ್ಚಿನಲ್ಲಿ ಮುಂಬೈನ ಗಿರಗಾಂವದ ಏಳು ಹೆಂಗಸರು 80 ರೂಪಾಯಿ ಸಾಲ ತಂದು ಮಾಳಿಗೆಯ ಮೇಲೆ ಹಪ್ಪಳ ಲಟ್ಟಿಸಲು ಕೂತದ್ದು ಮುಂದೆ ಲಿಜ್ಜತ್ ಆಯಿತು. ಅಲ್ಲಿ ಲಟ್ಟಿಸುವವರೇ ಒಡತಿಯರು. ಈಚೆಗೆ ಕಲಬುರಗಿ ಸೀಮೆಯ ಹೆಂಗಸರು ಮಾಡುವ ಜೋಳದ ರೊಟ್ಟಿ, ಜಿಲ್ಲಾಡಳಿತದ ನೆರವಿನಿಂದ ‘ಕಲಬುರಗಿ ರೊಟ್ಟಿ’ ಎಂಬ ಹೆಸರಿನಲ್ಲೇ ಸಹಕಾರಿ ವ್ಯವಸ್ಥೆಯ ಮೂಲಕ ಆನ್‌ಲೈನಿನಲ್ಲೂ ಮಾರಾಟವಾಗುತ್ತಿದೆ. ಅದೇ ಮೊಬೈಲು, ಅದೇ ಡೆಲಿವರಿ ಬೈಕು. ಆದರೆ ಊರಿನ ಹೆಸರು ಪೊಟ್ಟಣದ ಮೇಲಿದೆ, ಒಬ್ಬೊಬ್ಬರೇ ಏರಲಾಗದ ಹೊಸ್ತಿಲನ್ನು ಸಂಘವಾಗಿ ಕೂಡಿ ದಾಟಲಾಗಿದೆ. ತಂತ್ರಜ್ಞಾನ ಅಡ್ಡಿಯಾಗಿಲ್ಲ; ಒಡೆತನ ಯಾರ ಕೈಯಲ್ಲಿದೆ ಎಂಬುದೇ ಇಲ್ಲಿ ಮುಖ್ಯ.

ಕೈಮಗ್ಗದ ಬಟ್ಟೆಯನ್ನು ಗುರುತಿಸಲು 2006ರಿಂದ ‘ಹ್ಯಾಂಡ್‌ಲೂಮ್ ಮಾರ್ಕ್’ ಎಂಬ ಸರ್ಕಾರಿ ಮುದ್ರೆ ಚಾಲ್ತಿಯಲ್ಲಿದೆ. ಆನ್‌ಲೈನಿನಲ್ಲಿ ಇಳಕಲ್ ಸೀರೆ ಹುಡುಕುವವರು ಆ ಮುದ್ರೆ ಇದೆಯೇ ಎಂದು ನೋಡಬೇಕು. ಒಡಲೂ ಸೆರಗೂ ಕೂಡುವ ಕೊಂಡಿಯ ಹತ್ತಿರದ ಚಿತ್ರ ಕಳಿಸಿ ಎಂದು ಮಾರಾಟಗಾರರನ್ನು ಕೇಳಬೇಕು, ಮಗ್ಗ ಯಾವ ಕೇರಿಯದೆಂದೂ ಕೇಳಬೇಕು. ಉತ್ತರ ಬರದಿದ್ದರೆ ಕೊಳ್ಳಬಾರದು.